ತಿರುವಲ್ಲಿಕ್ಕೇಣಿಯ ಲಯಗುರು

ಗಾಯಕನ ಗುರುವನ್ನು ನೆನೆಯುವಷ್ಟು ಸುಲಭವಾಗಿ ಲೋಕವು ಮೃದಂಗಗಾರನ ಗುರುವನ್ನು ನೆನೆಯುವುದಿಲ್ಲ. ವಿದ್ವಾಂಸನೊಬ್ಬನು ತೋಡಿಯನ್ನೋ ಕಾಂಬೋಜಿಯನ್ನೋ ವಿಸ್ತರಿಸುವಾಗ ಅದರೊಳಗೆ ಗುರುವಿನ ಛಾಯೆಯನ್ನು ಗುರುತಿಸಿ ತಲೆದೂಗುವ ರಸಿಕರು ಸಭೆಯಲ್ಲಿ ಹತ್ತಾರು ಮಂದಿಯಾದರೂ ಇದ್ದಾರು. ಆದರೆ ಅವನ ಪಕ್ಕದಲ್ಲಿ ಕುಳಿತು, ಅವನು ಎಲ್ಲಿಗೆ ಹೋದರೂ ಬೆನ್ನು ಬಿಡದೆ, ಕಾಲಪ್ರಮಾಣವನ್ನು ಕೂದಲೆಳೆಯಷ್ಟೂ ಚ್ಯುತಿಯಿಲ್ಲದಂತೆ ಕಾಪಾಡಿಕೊಂಡು ಬರುವ ಪಕ್ಕವಾದ್ಯದವನ ಹಿಂದೆ ಯಾವ ಪುಣ್ಯಾತ್ಮನು ಎಷ್ಟು ವರ್ಷ ಗಂಟಲು ಹರಿದುಕೊಂಡಿದ್ದಾನೆಂಬ ಯೋಚನೆ ನಮ್ಮಲ್ಲಿ ಬಹುಮಂದಿಗೆ ಬರುವುದೇ ಇಲ್ಲ. ಅಂಥ ಪುಣ್ಯಾತ್ಮರ ಪಂಕ್ತಿಯಲ್ಲಿ ಗಣ್ಯರಾದವರು ಚೆನ್ನೈಯ ಟಿ. ಆರ್. ಹರಿಹರ ಶರ್ಮರು.

ಚೆನ್ನೈಯ ಟ್ರಿಪ್ಲಿಕೇನ್, ತಮಿಳರ ಬಾಯಲ್ಲಿ ತಿರುವಲ್ಲಿಕ್ಕೇಣಿ, ಪಾರ್ಥಸಾರಥಿ ಸ್ವಾಮಿಯ ಸನ್ನಿಧಿಯಿಂದ ಪುನೀತವಾದ ಹಳೆಯ ಬಡಾವಣೆ. ಹರಿಹರ ಶರ್ಮರು 1958ರಲ್ಲಿ ಸ್ಥಾಪಿಸಿದ ಶ್ರೀ ಜಯಗಣೇಶ ತಾಳವಾದ್ಯ ವಿದ್ಯಾಲಯವು ಈ ಪ್ರದೇಶದಲ್ಲಿ ನಡೆಯುತ್ತಿದ್ದಿತು. ತಾಳವಾದ್ಯಗಳ ಶಿಕ್ಷಣಕ್ಕೆಂದೇ ಮೀಸಲಾದ ಶಾಲೆಯನ್ನು ತೆರೆಯುವುದು ಆ ಕಾಲಕ್ಕೆ ಸಾಹಸದ ಮಾತು. ಏಕೆಂದರೆ ಗುರುವಿನ ಮನೆಯಲ್ಲಿದ್ದು, ಆತನ ಸೇವೆ ಮಾಡುತ್ತ, ಆತನ ಮನಸ್ಸು ಪ್ರಸನ್ನವಾದಾಗ ದೊರೆತಷ್ಟನ್ನು ಪ್ರಸಾದವೆಂದು ಸ್ವೀಕರಿಸುವುದು ಅಂದು ಬಹುವಾಗಿ ರೂಢಿಯಲ್ಲಿದ್ದ ಪದ್ಧತಿ. ಶರ್ಮರು ಪಾಠವನ್ನು ಕ್ರಮಬದ್ಧವಾಗಿಸಬೇಕೆಂದು ಹೊರಟವರು. ಮೃದಂಗದ ಅಭ್ಯಾಸಕ್ರಮವನ್ನು ವಿವರಿಸುವ ಗ್ರಂಥವೊಂದನ್ನು ಅವರು ಇಂಗ್ಲಿಷಿನಲ್ಲಿ ಬರೆದು 1969ರಲ್ಲಿ ವಿದ್ಯಾಲಯದಿಂದಲೇ ಪ್ರಕಟಿಸಿದರೆಂಬುದು ಅವರ ಈ ಮನೋಧರ್ಮಕ್ಕೆ ಸಾಕ್ಷಿ.

ಲಯದ ಗುರುಗಳು ಕಠಿಣರೆಂಬ ಮಾತು ಪ್ರಸಿದ್ಧವಾಗಿದೆ. ಆ ಕಾಠಿಣ್ಯವು ಅವರ ಸ್ವಭಾವದ್ದೆನ್ನುವುದಕ್ಕಿಂತ ಅವರು ಕಲಿಸುವ ವಿದ್ಯೆಯದೆನ್ನುವುದು ಹೆಚ್ಚು ನ್ಯಾಯ. ಹಾಡುಗಾರಿಕೆಯಲ್ಲಿ ಒಂದು ಸ್ವರವು ಕಿಂಚಿತ್ತು ಇಳಿದರೆ ಭಾವದ ಬಲದಿಂದ ಅದು ಮರೆಯಾಗಬಹುದು. ಲಯದಲ್ಲಿ ಅರ್ಧ ಮಾತ್ರೆ ತಪ್ಪಿದರೆ ಅದನ್ನು ಮುಚ್ಚತಕ್ಕ ತೆರೆಯೇ ಇಲ್ಲ. ಗುರುವು ಕ್ಷಮಿಸಿದರೂ ತಾಳದ ಮೊದಲ ಪೆಟ್ಟಾದ ಸಮವು ಕ್ಷಮಿಸದು.

ವಾದ್ಯವನ್ನು ಮುಟ್ಟುವುದಕ್ಕೆ ಮುಂಚೆ ಶಿಷ್ಯನು ಬಾಯಿಯಲ್ಲಿ ಹೇಳಿ ಕೈಯಲ್ಲಿ ತಾಳ ಹಾಕಬೇಕೆಂಬುದು ಈ ವಿದ್ಯೆಯ ಮೊದಲ ಕಟ್ಟಳೆ. ತಾಳವಾದ್ಯದ ಸೊಲ್ಲುಗಳನ್ನು ಬಾಯಿಯಲ್ಲಿಯೇ ನುಡಿಸುವ ಕೊನ್ನಕ್ಕೋಲು ಎಂಬ ಕಲೆ ಬೆಳೆದಿರುವುದು ಇದೇ ಬಾಯಿಪಾಠದ ನೆಲೆಯಿಂದ. ತ, ಧಿ, ತೊಂ, ನಂ ಎಂಬ ಸೊಲ್ಲುಗಳನ್ನು ಒಂದನೆಯ ಕಾಲದಲ್ಲಿ, ಎರಡನೆಯ ಕಾಲದಲ್ಲಿ, ಮೂರನೆಯ ಕಾಲದಲ್ಲಿ ಹೇಳಿಸಿ, ಮೂರರಲ್ಲಿಯೂ ಅಕ್ಷರಗಳು ಸ್ಫುಟವಾಗಿ, ತೂಕವು ಸಮವಾಗಿ ಬಂದ ಮೇಲಲ್ಲದೆ ಮುಂದಿನ ಪಾಠವಿಲ್ಲ. ಅನಂತರ ಮೂರೆಣಿಕೆಯ ತಿಶ್ರ, ನಾಲ್ಕರ ಚತುರಶ್ರ, ಐದರ ಖಂಡ, ಏಳರ ಮಿಶ್ರ, ಒಂಬತ್ತರ ಸಂಕೀರ್ಣ ಎಂಬ ಐದು ಜಾತಿಗಳು. ಸೂಳಾದಿ ಸಪ್ತತಾಳಗಳೊಡನೆ ಇವನ್ನು ಗುಣಿಸಿದರೆ 35 ತಾಳಗಳು.

ಒಂದು ಸಣ್ಣ ಲೆಕ್ಕವನ್ನು ಓದುಗರು ತಾವೇ ಕೈಯಲ್ಲಿ ಹಾಕಿ ನೋಡಬಹುದು. ಆದಿತಾಳಕ್ಕೆ ಎಂಟು ಅಕ್ಷರ; ಅಕ್ಷರವೊಂದಕ್ಕೆ ನಾಲ್ಕು ಮಾತ್ರೆಯಂತೆ ಒಂದು ಆವರ್ತಕ್ಕೆ 32 ಮಾತ್ರೆ. ‘ತ ದಿ ಗಿ ಣ ತೊಂ’ ಎಂಬ ಐದು ಸೊಲ್ಲುಗಳನ್ನು ಎರಡು ಸಲ ಹೇಳಿದರೆ ಹತ್ತು ಮಾತ್ರೆ. ಆ ಹತ್ತನ್ನು ಮೂರು ಬಾರಿ ಹೇಳಿ, ನಡುನಡುವೆ ಎರಡು ಕಡೆ ಒಂದೊಂದು ಮಾತ್ರೆಯ ಕಾರ್ವೆಯನ್ನು, ಎಂದರೆ ವಿರಾಮವನ್ನು, ಬಿಟ್ಟರೆ, ಹತ್ತು, ಒಂದು, ಹತ್ತು, ಒಂದು, ಹತ್ತು ಕೂಡಿ ಸರಿಯಾಗಿ 32 ಆಗಿ, ಮುಂದಿನ ಪೆಟ್ಟು ಸಮದ ಮೇಲೆಯೇ ಬೀಳುತ್ತದೆ. ಇಂಥ ಜೋಡಣೆಗೆ ಕೋರ್ವೆಯೆಂದು ಹೆಸರು. ಕಾಗದದ ಮೇಲೆ ಇದು ಬಾಲಕರ ಗಣಿತ. ಕೈಯ ತಾಳವು ನಾಲ್ಕು ನಾಲ್ಕಾಗಿ ಹೋಗುತ್ತಿರುವಾಗ ಬಾಯಿ ಐದು ಐದಾಗಿ ನಡೆಯಬೇಕಾದ ಆ ಕ್ಷಣದಲ್ಲಿ ಮಾತ್ರ ಹೊಸಬನ ಕೈಯು ಬಾಯನ್ನು ಅನುಸರಿಸಿಕೊಂಡು ಓಡಿಹೋಗುತ್ತದೆ, ಇಲ್ಲವೆ ಬಾಯಿಯು ಕೈಗೆ ಶರಣಾಗಿ ಐದನ್ನು ನಾಲ್ಕು ಮಾಡಿಬಿಡುತ್ತದೆ. ಎರಡನ್ನೂ ಬೇರೆಬೇರೆಯಾಗಿ ನಿಲ್ಲಿಸಿ ಒಂದುಗೂಡಿಸುವುದಕ್ಕೆ ‘ಇನ್ನೊಮ್ಮೆ ಹೇಳು’ ಎಂಬ ಮಾತನ್ನು ಬೇಸರವಿಲ್ಲದೆ ಸಾವಿರ ಸಲ ಆಡಬಲ್ಲ ಗುರುವೇ ಬೇಕು.

ಈ ಶಿಸ್ತು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದಲ್ಲಿ ಡ್ರಮ್ ಕೋರ್ ಎಂಬ ವಾದ್ಯದಳಗಳಿವೆ. ಸೈನ್ಯದ ಭೇರಿಗಳಿಂದ ಹುಟ್ಟಿ, ಈಗ ತರುಣತರುಣಿಯರ ಬೇಸಗೆಯ ಸ್ಪರ್ಧೆಗಳಾಗಿ ಬೆಳೆದಿರುವ ಆ ದಳಗಳಲ್ಲಿ ಹತ್ತಾರು ಕೈಗಳ ಕೋಲುಗಳು ಒಂದೇ ಪೆಟ್ಟಾಗಿ ಕೇಳಬೇಕು. ಅಲ್ಲಿಯ ಶಿಕ್ಷಕರೂ ಮೊದಲು ರಬ್ಬರಿನ ಹಲಗೆಯ ಮೇಲೆ ಮೂಲಪಾಠಗಳನ್ನೇ ತಿದ್ದಿಸುವರು. 40 ಮೂಲಪಾಠಗಳ ಪಟ್ಟಿಯೊಂದು ಅವರಲ್ಲಿ ಸರ್ವಮಾನ್ಯವಾಗಿದೆ. ಅಲ್ಲಿಂದ ಹೊರಬಂದವರು ಶಿಕ್ಷಕನ ಗದರಿಕೆಯನ್ನು ಅಕ್ಕರೆಯಿಂದ ನೆನೆಯುವುದೂ ನಮ್ಮವರಂತೆಯೇ.

ಹರಿಹರ ಶರ್ಮರ ಗುರುತ್ವವು ಎಂಥದೆಂಬುದನ್ನು ತೋರಿಸುವ ವೃತ್ತಾಂತವೊಂದು ಕನ್ನಡನಾಡಿಗೂ ಸಂಬಂಧಪಟ್ಟಿದೆ. ಇಂದು ಬೆಂಗಳೂರಿನಲ್ಲಿ ನೆಲಸಿರುವ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರು 1957ರಲ್ಲಿ ಮಯಿಲಾಡುತುರೈಯಲ್ಲಿ ಜನಿಸಿ, ಬಾಲ್ಯದಲ್ಲಿ ಈ ವಿದ್ಯಾಲಯಕ್ಕೆ ಬಂದದ್ದು ಪಿಟೀಲಿನ ಪಾಠಕ್ಕೆ. ಶರ್ಮರ ಪುತ್ರರಾದ ಗುರುಮೂರ್ತಿಯವರು ಅದನ್ನು ಕಲಿಸುತ್ತಿದ್ದರು. ಆದರೆ ಪಕ್ಕದಲ್ಲಿ ಶರ್ಮರು ಹೇಳಿಕೊಡುತ್ತಿದ್ದ ಮೃದಂಗದ ನಾದವು ಬಾಲಕಿಯ ಮನಸ್ಸನ್ನು ಸೆಳೆದುಕೊಂಡಿತು. ಹೆಣ್ಣುಮಕ್ಕಳು ಮೃದಂಗಕ್ಕೆ ಕೈಹಾಕುವುದು ವಿರಳವಾಗಿದ್ದ ಆ ದಿನಗಳಲ್ಲಿ ಶರ್ಮರು ಆಕೆಯನ್ನು ಶಿಷ್ಯೆಯಾಗಿ ಸ್ವೀಕರಿಸಿದರು. ಕೆಲವು ಕಾಲಾನಂತರ ಆಕೆಗೆ ಘಟದ ಮೇಲೆ ಆಸೆಯಾಯಿತು. ಶರ್ಮರ ಮತ್ತೊಬ್ಬ ಪುತ್ರರೂ ಘಟವಾದನದಲ್ಲಿ ಲೋಕಪ್ರಸಿದ್ಧರೂ ಆದ ವಿಕ್ಕು ವಿನಾಯಕರಾಮ್ ಅವರು ಹಿಂಜರಿದರು: ಘಟವು ಗಡಸು ವಾದ್ಯ, ಹೆಣ್ಣುಮಗಳ ಬೆರಳುಗಳಿಗೆ ತಕ್ಕುದಲ್ಲವೆಂಬುದು ಅವರ ಅಂದಿನ ಅಭಿಪ್ರಾಯ. ತಂದೆಯವರಾದರೋ ಅದನ್ನು ಒಪ್ಪದೆ, ತಾವೇ ಕಲಿಸುವುದಾಗಿ ಪಂಥ ತೊಟ್ಟು, ಮಗನು ವಿದೇಶದಲ್ಲಿದ್ದ ಅವಧಿಯಲ್ಲಿ ಆಕೆಯನ್ನು ಸಿದ್ಧಗೊಳಿಸಿದರು. ಹಿಂದಿರುಗಿ ಬಂದು ಆಕೆಯ ವಾದನವನ್ನು ಕೇಳಿದ ಮಗನು ಮನಸ್ಸು ಬದಲಿಸಿ ತಾನೇ ಮುಂದಿನ ಪಾಠವನ್ನು ಕೈಗೊಂಡನೆಂಬುದು ತಂದೆ ಮಗ ಇಬ್ಬರಿಗೂ ಶೋಭೆ ತರತಕ್ಕ ಸಂಗತಿ.

ವಿಕ್ಕು ಅವರ ಶಂಕೆ ನಿರಾಧಾರವಾಗಿರಲಿಲ್ಲ. ಮೃದಂಗಕ್ಕೆ ಚರ್ಮವುಂಟು, ಬೆರಳು ಬಿದ್ದಾಗ ಅದು ಮಣಿದು ಪೆಟ್ಟನ್ನು ಹಿಂದಿರುಗಿಸುತ್ತದೆ. ಘಟಕ್ಕೆ ಬರಿಯ ಬೆಂದ ಮಣ್ಣು; ಅದು ಮಣಿಯುವುದಿಲ್ಲ. ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಮಾನಾಮಧುರೆಯಲ್ಲಿ ತಯಾರಾಗುವ ಘಟಗಳಂತೂ ದಪ್ಪನೆಯ ಮೈಯವು, ಭಾರವಾದವು. ನಾದವು ಲೋಹದಂತೆ ಕಣಕಣವೆನ್ನುವುದಾದರೂ ಅದನ್ನು ಹೊರಡಿಸುವುದಕ್ಕೆ ಬೆರಳ ತುದಿಯೂ ಉಗುರೂ ಅಂಗೈಯ ಬುಡವೂ ಕಲ್ಲಿನಂತೆ ಗಟ್ಟಿಯಾಗಬೇಕು. ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಸಡಲಿಸಿ, ಗುಮುಕಿಯ ಮಂದ್ರನಾದವನ್ನು ಪಡೆಯುವುದು ಬೇರೆಯೇ ಒಂದು ಸಾಧನೆ. ಆರಂಭದಲ್ಲಿ ಬೆರಳು ಊದುವುದು, ನೋಯುವುದು ಸಾಮಾನ್ಯ.

ಇಂಥ ಕಡೆ ಗುರುವಿನ ಮುಂದೆ ಎರಡು ಸುಲಭ ಮಾರ್ಗಗಳಿರುತ್ತವೆ. ಒಂದು, ಹುಡುಗಿಯ ಕೈಲಾಗದೆಂದು ಕಳುಹಿಸಿಬಿಡುವುದು. ಇನ್ನೊಂದು, ಹುಡುಗಿಯಲ್ಲವೇ ಎಂದು ಪಾಠವನ್ನು ಹಗುರಗೊಳಿಸುವುದು. ಮೊದಲನೆಯದು ನಿಷ್ಠುರವಾಗಿಯೂ ಎರಡನೆಯದು ಕರುಣೆಯಾಗಿಯೂ ತೋರುವುದಾದರೂ ಎರಡರ ಮೂಲವೂ ಒಂದೇ, ಶಿಷ್ಯನ ಶಕ್ತಿಯಲ್ಲಿ ಅವಿಶ್ವಾಸ. ಹರಿಹರ ಶರ್ಮರು ಮೂರನೆಯ ಮಾರ್ಗವನ್ನು ಹಿಡಿದರು. ಗಡಸು ವಾದ್ಯವನ್ನು ಗಡಸಾಗಿಯೇ ಕಲಿಸಿದರು. ಶಿಷ್ಯನಿಂದ ಹೆಚ್ಚನ್ನು ಅಪೇಕ್ಷಿಸುವ ಗುರುವನ್ನು ಶಿಷ್ಯನು ಮುಂದೆ ಪ್ರೀತಿಯಿಂದ ಸ್ಮರಿಸುವುದೇಕೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆಯೆಂದು ನನ್ನ ನಂಬಿಕೆ. ತನ್ನಲ್ಲಿ ತನಗೇ ಇಲ್ಲದಿದ್ದ ಭರವಸೆಯನ್ನು ಆ ಗುರುವು ಇರಿಸಿದ್ದನೆಂಬುದು ಅವನಿಗೆ ತಡವಾಗಿಯಾದರೂ ಅರಿವಾಗುತ್ತದೆ.

ಈ ವಿದ್ಯಾಲಯದ ಫಲವು ಬಹುದೂರ ಹಬ್ಬಿತು. ವಿಕ್ಕು ವಿನಾಯಕರಾಮ್ ಅವರು ಜಾನ್ ಮೆಕ್‌ಲಾಫ್ಲಿನ್, ಜಾಕಿರ್ ಹುಸೇನ್, ಎಲ್. ಶಂಕರ್ ಅವರೊಡನೆ ‘ಶಕ್ತಿ’ ತಂಡದಲ್ಲಿ ಸೇರಿ ಘಟವನ್ನು ಖಂಡಾಂತರಗಳಿಗೆ ಒಯ್ದರು. ನಾನಾ ದೇಶಗಳ ತಾಳವಾದ್ಯಗಾರರು ಕೂಡಿ 1991ರಲ್ಲಿ ಹೊರತಂದ ‘ಪ್ಲಾನೆಟ್ ಡ್ರಮ್’ ಧ್ವನಿಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವರೂ ಅದರಲ್ಲಿದ್ದರು. ಮತ್ತೊಬ್ಬ ಪುತ್ರರಾದ ಟಿ. ಎಚ್. ಸುಭಾಷ್‌ಚಂದ್ರನ್ ಅವರು ಘಟದಲ್ಲಿಯೂ ಕೊನ್ನಕ್ಕೋಲಿನಲ್ಲಿಯೂ ಹೆಸರಾದರು. ಅಜ್ಜನಿಂದಲೂ ಪಾಠ ಹೇಳಿಸಿಕೊಂಡ ಮೊಮ್ಮಗ ಸೆಲ್ವಗಣೇಶ್ ಅವರು ಖಂಜಿರ ವಾದಕರಾಗಿ, 2024ರಲ್ಲಿ ಗ್ರ್ಯಾಮಿ ಪಡೆದ ‘ಶಕ್ತಿ’ ತಂಡದಲ್ಲಿ ಒಬ್ಬರಾಗಿದ್ದರು. ಸುಕನ್ಯಾ ಅವರಾದರೋ ಬೇರೆಬೇರೆ ಶ್ರುತಿಯ ಹಲವು ಘಟಗಳನ್ನು ಮುಂದಿರಿಸಿಕೊಂಡು ರಾಗವನ್ನೇ ನುಡಿಸುವ ‘ಘಟತರಂಗ’ವನ್ನು ರೂಪಿಸಿ, ಮಹಿಳೆಯರದೇ ಆದ ‘ಸ್ತ್ರೀ ತಾಳ ತರಂಗ’ವೆಂಬ ವೃಂದವನ್ನು ಬೆಂಗಳೂರಿನಲ್ಲಿ ಕಟ್ಟಿ, ವಿಕ್ಕು ಬಾನಿಯ ಘಟವಾದನವನ್ನು ಕುರಿತು ಗ್ರಂಥ ರಚಿಸಿದರು. 2014ರ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯು ಅವರಿಗೆ ಸಂದಿತು. ಘಟವು ಹೆಣ್ಣಿಗೆ ತಕ್ಕುದೇ ಎಂಬ ಪ್ರಶ್ನೆಯನ್ನು ಇನ್ನು ಯಾರೂ ಕೇಳಬೇಕಾಗಿಲ್ಲ.

ಕೊನೆಯದಾಗಿ, ಸಭೆಗೆ ಹೋಗುವ ಓದುಗರಲ್ಲಿ ಒಂದು ಬಿನ್ನಹ. ಚೆನ್ನೈಯ ಮಾರ್ಗಳಿ ಉತ್ಸವವಿರಲಿ, ಬೆಂಗಳೂರಿನ ರಾಮನವಮಿಯ ಪೆಂಡಾಲಿರಲಿ, ತಾಳವಾದ್ಯದವರು ತಾವೇ ನುಡಿಸುವ ತನಿ ಆವರ್ತನ ಆರಂಭವಾಯಿತೆಂದರೆ ಕಾಫಿಗೆ ಎದ್ದುಹೋಗುವುದು ನಮ್ಮ ಶ್ರೋತೃವರ್ಗದ ಬಹುಕಾಲದ ದುರಭ್ಯಾಸ. ಒಬ್ಬ ಗುರುವಿನ ದಶಕಗಳ ಪರಿಶ್ರಮವು ಫಲ ಕೊಡುವ ಹೊತ್ತೇ ಅದು. ಮುಂದಿನ ಕಚೇರಿಯಲ್ಲಿ ದಯವಿಟ್ಟು ಎದ್ದು ಹೋಗಬೇಡಿ. ತೊಡೆಯ ಮೇಲೆ ಆದಿತಾಳ ಹಾಕುತ್ತ, ಮೂವತ್ತೆರಡನ್ನು ಎಣಿಸುತ್ತ, ಕೋರ್ವೆ ಸಮಕ್ಕೆ ಬಂದು ಮುಟ್ಟುವವರೆಗೂ ಕುಳಿತು ಕೇಳಿ.