ಗೊಣ್ಣೆಹುಳುವಿನ ಬೇಟೆಗೆ ಇನ್ನೊಂದು ಹುಳು

ನೆಮಟೋಡ್ ಅಂದ್ರೆ ಕೊಳ್ಳೇಗಾಲ, ಯಳಂದೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಮೊದಲು ನೆನಪಾಗೋದು ಹಿಪ್ಪುನೇರಳೆಯ ಗಂಟುಬೇರು ರೋಗ. ಅಂಥವರಿಗೆ ಹೋಗಿ "ದುಡ್ಡು ಕೊಟ್ಟು ನೆಮಟೋಡ್ ತಂದು ಹೊಲಕ್ಕೆ ಹಾಕಿ" ಅಂದ್ರೆ ನಗದೇ ಇರ್ತಾರಾ? ಆದರೆ ನಾವು ಹೇಳ್ತಿರೋದು ಬೇರೆ ಜಾತಿಯ ಬಗ್ಗೆ. ಇವು ಗಿಡದ ಬೇರನ್ನು ಮುಟ್ಟೋದಿಲ್ಲ, ಮಣ್ಣಲ್ಲಿರುವ ಕೀಟಗಳನ್ನು ಹುಡುಕಿಕೊಂಡು ಹೋಗ್ತವೆ.

ಕಬ್ಬಿನ ಬೇರು ತಿನ್ನುವ, ಆಲೂಗಡ್ಡೆಯನ್ನು ಕೊರೆಯುವ ಗೊಣ್ಣೆಹುಳುವನ್ನೇ ತಗೊಳ್ಳಿ. ಅದು ಮಣ್ಣಿನೊಳಗೆ ಇರೋದ್ರಿಂದ ಮೇಲಿಂದ ಹೊಡೆದ ಔಷಧಿ ಅದಕ್ಕೆ ತಾಗೋದೇ ಕಷ್ಟ. ಸುಮಾರು ಅರ್ಧ ಮಿಲಿಮೀಟರ್ ಉದ್ದದ ಹೆಟರೋರಾಬ್ಡೈಟಿಸ್ ಇಂಡಿಕಾ ಅನ್ನೋ ನೆಮಟೋಡ್ ಮಾತ್ರ ಹುಳುವಿನ ಬಾಯಿ ಅಥವಾ ಉಸಿರಾಟದ ರಂಧ್ರದಿಂದ ಒಳಗೆ ನುಗ್ಗಿ, ತನ್ನ ಹೊಟ್ಟೆಯಲ್ಲಿರುವ ಫೋಟೋರಾಬ್ಡಸ್ ಬ್ಯಾಕ್ಟೀರಿಯಾವನ್ನು ಬಿಡುತ್ತೆ. ಸಾಮಾನ್ಯವಾಗಿ ಎರಡು ದಿನದಲ್ಲಿ ಹುಳು ಸಾಯುತ್ತೆ, ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಪೂರ್ತಿ ಕತ್ತಲಲ್ಲಿ ನೋಡಿದ್ರೆ ಸಣ್ಣಗೆ ಹೊಳೆಯುತ್ತೆ ಕೂಡ! ಆ ಹೆಣದೊಳಗೇ ನೆಮಟೋಡ್‌ಗಳು ಮರಿ ಮಾಡಿ, ಸಾವಿರಗಟ್ಟಲೆ ಹೊರಬಂದು ಮುಂದಿನ ಬೇಟೆಗೆ ಹೋಗ್ತವೆ.

ಇದೇನು ಪರದೇಶದ ಸರಕಲ್ಲ. 1992ರಲ್ಲಿ ಈ ಜಾತಿಯನ್ನು ಮೊದಲು ವರ್ಣಿಸಿದ್ದೇ ಕೊಯಮತ್ತೂರಿನ ಮಾದರಿಯಿಂದ. (1956ರ ತನಕ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು, ಹಾಗಾಗಿ ಹಳೇ ನೆಂಟ ಅನ್ನಬಹುದು.) ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದನ್ನು ನೀರಲ್ಲಿ ಕಲಸುವ ಪುಡಿಯಾಗಿ ಮಾಡಿದೆ.

ತೊಂದರೆ ಏನಂದ್ರೆ, ಪುಡಿಯಲ್ಲಿರೋದು ಜೀವ. ಹೆಕ್ಟೇರಿಗೆ ಸಾಮಾನ್ಯ ಲೆಕ್ಕ 250 ಕೋಟಿ, ಅಂದ್ರೆ ಒಂದು ಚದರ ಸೆಂಟಿಮೀಟರಿಗೆ 25. ಬಿಸಿಲು ಬಿದ್ರೆ, ಒಣಗಿದ್ರೆ ಅಷ್ಟೂ ಹೋಯ್ತು. ಅದಕ್ಕೇ ಸಂಜೆ ಹೊತ್ತು, ಒದ್ದೆ ಮಣ್ಣಿಗೇ ಹಾಕಬೇಕು. ಸ್ಪ್ರೇಯರಿನ ಸಣ್ಣ ಜಾಲರಿ ತೆಗೆಯಬೇಕು, ಒತ್ತಡ 300 ಪಿಎಸ್‌ಐ ದಾಟಬಾರದು. ಇದು ನಮ್ಮ ಮೆಕ್ಯಾನಿಕಲ್‌ನವರ ವಿಷಯ. ನೀರಾವರಿ ಇರುವ ಕೊಳ್ಳೇಗಾಲ, ಯಳಂದೂರಿನ ಕಬ್ಬಿನ ಗದ್ದೆಗೆ ಇದು ಸರಿ. ಹನೂರಿನ ಮಳೆಯಾಶ್ರಿತ ಹೊಲದಲ್ಲಿ ಮಳೆ ಬಂದು ನೆಲ ನೆನೆಯೋ ತನಕ ಪುಡಿ ಕೊಳ್ಳೋದೇ ದಂಡ ಅಂತ ನಮಗನ್ನಿಸುತ್ತೆ.

ಇನ್ನೊಂದು ಮಾತು, ಈ ಸೀಮೆಗೆ ಮುಖ್ಯವಾದದ್ದು. ನೆಮಟೋಡ್ ಲೆಕ್ಕದಲ್ಲಿ ರೇಷ್ಮೆಹುಳುವೂ ಒಂದು ಕೀಟವೇ. ಪ್ರಯೋಗಾಲಯದಲ್ಲಿ ಅದನ್ನೂ ಕೊಂದಿವೆ. ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇದ್ರೆ ಸ್ಪ್ರೇ ಬೇಡ, ದ್ರಾವಣವನ್ನು ನೇರ ಬುಡಕ್ಕೇ ಸುರಿಯಿರಿ. ಹನಿ ಬಿದ್ದ ಸೊಪ್ಪು ಹುಳುಮನೆಗೆ ಹೋಗಬಾರದು.