ನಾವಿಕ ಶಾಲೆಯ ಮಾನ್ಯತೆ

ನಮ್ಮ ನೆಲೋಗಿಯ ಕಡೆಯವರು ಭೀಮೆಯನ್ನು ಬಲ್ಲರು. ಕಡಲನ್ನು ಕಂಡವರು ವಿರಳ. ಆದರೂ ಹಡಗಿನ ಉದ್ಯೋಗ ಬಯಸುವ ತರುಣರು ಒಂದು ವಿಷಯವನ್ನು ತಿಳಿದಿರಬೇಕು.

1978ರ ಅಂತರರಾಷ್ಟ್ರೀಯ ಒಪ್ಪಂದವನ್ನು 1995ರಲ್ಲಿ ತಿದ್ದಿದ ಮೇಲೆ, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಸ್ವರಕ್ಷಣೆ ಹಾಗೂ ಸಾಮಾಜಿಕ ಹೊಣೆ ಇವು ನಾವಿಕನಿಗೆ ಕಡ್ಡಾಯ ಪಾಠಗಳಾದವು. ಇವನ್ನು ಕಲಿಸಲು ಬೋರ್ಡು ತೂಗಹಾಕಿದರೆ ಸಾಲದು. ಈಜುಕೊಳ, ಬೆಂಕಿ ಆರಿಸುವ ಅಂಗಳ, ಅನುಭವಿ ಅಧ್ಯಾಪಕರು, ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ಕೇಂದ್ರ ಸರ್ಕಾರದ ಮಾನ್ಯತೆ. ಕಾರಣ ಸ್ಪಷ್ಟ: ನಡುಗಡಲಿನಲ್ಲಿ ಬೆಂಕಿ ಬಿದ್ದರೆ ಊರಿನ ಅಗ್ನಿಶಾಮಕ ದಳ ಬಾರದು, ನಾವಿಕನೇ ಆರಿಸಬೇಕು.

ಮಾನ್ಯತೆಯಿಲ್ಲದ ಶಾಲೆಯ ಪ್ರಮಾಣಪತ್ರ ಹಡಗು ಹತ್ತಲು ಸಲ್ಲದು. ಆದ್ದರಿಂದ ಹೊಲ ಅಡವಿಟ್ಟು ಶುಲ್ಕ ಕಟ್ಟುವ ಮೊದಲು, ಮುಂಬಯಿಯಲ್ಲಿರುವ ಹಡಗು ಸಾರಿಗೆಯ ಮಹಾನಿರ್ದೇಶಕರ ಕಚೇರಿ ಪ್ರಕಟಿಸುವ ಪಟ್ಟಿಯಲ್ಲಿ ಶಾಲೆಯ ಹೆಸರನ್ನು ಹುಡುಕಬೇಕು.