ಡೇಗೆಯ ಶಿಷ್ಯವೃತ್ತಿ

ಬಸವಕಲ್ಯಾಣಕ್ಕೆ ಸಮೀಪದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ದೇವಾಲಯವೊಂದಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. ಆದರೆ ಆ ಕಲ್ಯಾಣದಿಂದಲೇ ಆಳಿದ ಮೂರನೆಯ ಸೋಮೇಶ್ವರನು (ಕ್ರಿ.ಶ. 1126–1138) ತನ್ನ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅಡಿಗೆ, ಸಂಗೀತಾದಿಗಳೊಡನೆ ಡೇಗೆಯ ಬೇಟೆಗೂ ‘ಶ್ಯೇನವಿನೋದ’ವೆಂದು ಪ್ರತ್ಯೇಕ ಸ್ಥಾನವನ್ನು ಕೊಟ್ಟಿರುವ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಯೂರೋಪಿನಲ್ಲಿ ಈ ವಿದ್ಯೆಗೆ ಪ್ರಮಾಣಗ್ರಂಥವನ್ನು ಬರೆದ ಚಕ್ರವರ್ತಿ ಎರಡನೆಯ ಫ್ರೆಡರಿಕನು ಈತನಿಗಿಂತ ಸುಮಾರು ನೂರು ವರ್ಷ ಈಚಿನವನು. ಕನ್ನಡದಲ್ಲಿ ‘ಸಾಳುವ’ವೆಂದರೂ ಬೇಟೆಯ ಡೇಗೆಯೇ, ವಿಜಯನಗರದ ಒಂದು ರಾಜವಂಶವು ಆ ಹೆಸರನ್ನೇ ಧರಿಸಿತ್ತು.

ಈ ವಿದ್ಯೆಗೆ ಬಂದ ಶಿಷ್ಯನ ಮೊದಲ ಕೆಲಸ ಸುಮ್ಮನೆ ನಿಲ್ಲುವುದು. ದಪ್ಪ ತೊಗಲಿನ ಕೈಚೀಲವನ್ನು ತೊಟ್ಟು, ಕಾಲಿಗೆ ತೊಗಲಿನ ಪಟ್ಟಿ ಕಟ್ಟಿದ ಹಕ್ಕಿಯನ್ನು ಮುಷ್ಟಿಯ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಇರಬೇಕು. ಅದು ಬೆದರಿ ಹಾರಲೆಳಸಿ ತಲೆಕೆಳಗಾಗಿ ಜೋತುಬಿದ್ದಾಗಲೆಲ್ಲ ಮೆಲ್ಲನೆ ಎತ್ತಿ ಕೂರಿಸಬೇಕು, ಗದರಿಸಲಾಗದು. ನಾಯಿ ಒಡೆಯನ ಕೋಪವನ್ನು ಅರಿತೀತು. ಡೇಗೆಗೆ ದಂಡನೆಯ ಅರ್ಥವೇ ಆಗದು, ಅವಕಾಶ ಸಿಕ್ಕೊಡನೆ ಹೋಗಿಬಿಡುವುದು. ಮೊದಲು ಅದು ಕೈಯ ಮೇಲೆ ಮಾಂಸದ ಚೂರನ್ನು ತಿನ್ನಬೇಕು, ಬಳಿಕ ಗೇಣು ದೂರದಿಂದ ಹಾರಿ ಬರಬೇಕು, ಬಳಿಕ ಉದ್ದ ದಾರದ ಅಳತೆಯಲ್ಲಿ ಅಂಗಳವನ್ನು ದಾಟಿ ಬರಬೇಕು. ದಾರ ಬಿಚ್ಚುವುದು ಕಡೆಗೆ.

ಇದಕ್ಕೆಲ್ಲ ತಕ್ಕಡಿಯೇ ಆಧಾರ. ಹೊಟ್ಟೆ ತುಂಬಿದ ಹಕ್ಕಿ ಕರೆದರೆ ಬಾರದು. ಹಸಿವು ಮಿತಿ ಮೀರಿದರೆ ಸೊರಗಿ ಸಾಯುವುದು. ಶಿಕ್ರಾ ಎಂಬ ಚಿಕ್ಕ ಗಿಡುಗದಲ್ಲಿ ಈ ಅಂತರವು ಕೆಲವೇ ಗ್ರಾಮುಗಳಷ್ಟಿರುವುದರಿಂದ ದಿನವೂ ತೂಗಬೇಕು. ಹಿಂದಿನ ಕಾಲದಲ್ಲಿ ಹೊಸ ಹಕ್ಕಿಯ ರೆಪ್ಪೆಗಳನ್ನು ನೂಲಿನಿಂದ ಹೊಲಿದು ಪಳಗಿಸುತ್ತಿದ್ದರು. ಬರೆಯಲು ನಮಗೇ ಸಂಕಟವಾಗುತ್ತದೆ. ತೊಗಲಿನ ಕುಲಾವಿ ಆ ಕ್ರೌರ್ಯವನ್ನು ತಪ್ಪಿಸಿತು. ಕತ್ತಲೆಯಾದೊಡನೆ ಹಕ್ಕಿಯ ಭಯವು ತಗ್ಗುವುದು.

ಅಮೆರಿಕದಲ್ಲಿ ಶಿಷ್ಯನಾಗಬಯಸುವವನು ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಅನುಭವಿಯೊಬ್ಬನ ಕೈಕೆಳಗೆ ಕನಿಷ್ಠ 2 ವರ್ಷ ಕಲಿಯಬೇಕು. 2010ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಕಲೆಯನ್ನು ಮಾನವಕುಲದ ಪರಂಪರೆಯೆಂದು ಪಟ್ಟಿಗೆ ಸೇರಿಸಿತು. ನಮ್ಮ ದೇಶದಲ್ಲಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡಿನ ಡೇಗೆ, ಗಿಡುಗಗಳನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಸೋಮೇಶ್ವರನ ನಾಡಿನಲ್ಲಿಯೇ ಅವನ ವಿನೋದಕ್ಕೆ ಎಡೆಯಿಲ್ಲವಾಯಿತಲ್ಲಾ ಎಂದು ಕೆಲವರು ಮರುಗಬಹುದು. ನಮಗೆ ಮರುಕವಿಲ್ಲ, ಬಲೆಗೆ ಬಿದ್ದು ಪಳಗುವ ಮೊದಲೇ ಸತ್ತ ಹಕ್ಕಿಗಳ ಲೆಕ್ಕವನ್ನು ಯಾವ ಅರಮನೆಯೂ ಇಟ್ಟಿರಲಾರದು.

ಆದರೂ ಹುಡುಗರು ಮರದಿಂದ ಬಿದ್ದ ಗಿಡುಗದ ಮರಿಯನ್ನು ಎತ್ತಿ ತಂದು ‘ಸಾಕೋಣ’ವೆಂದು ಹಟ ಹಿಡಿಯುವುದುಂಟು. ಗರಿ ಬಲಿತು, ಗಾಯವಿಲ್ಲದೆ ಇದ್ದರೆ, ಎತ್ತಿದ ಮರದ ಬಳಿಯೇ ಎತ್ತರದ ಕೊಂಬೆಯ ಮೇಲೆ ಬಿಟ್ಟು ದೂರ ಸರಿಯತಕ್ಕದ್ದು. ತಾಯಿ ಸಮೀಪದಲ್ಲಿಯೇ ಇರುವ ಸಂಭವ ಹೆಚ್ಚು. ಗಾಯವಾಗಿದ್ದರೆ ಅದನ್ನು ಬಟ್ಟೆಯಿಂದ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಹೊಯ್ಯದೆ, ಕೂಡಲೇ ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಅವರು ಬರುವವರೆಗೆ ಮಕ್ಕಳು ಮುಚ್ಚಳ ತೆರೆದು ಇಣುಕದಂತೆ ನೋಡಿಕೊಳ್ಳುವುದು ಮನೆಯ ಹಿರಿಯರ ಕೆಲಸ.